ಉರಿದು ಆರಿದ ಪಟ್ಟಿ

2017ರಲ್ಲಿ ನಾನು ಗೆಜ್ಜಲಗೆರೆ ಬಳಿಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದೆ. ಆ ಕಾರ್ಖಾನೆ ಈಗಿಲ್ಲ, ಹೆಸರು ಹೇಳಿ ಯಾರಿಗೂ ಪ್ರಯೋಜನವಿಲ್ಲ. ಮಳವಳ್ಳಿಯ ಮನೆಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಹಿಡಿದು ಎಂಟೂವರೆಗೆ ಗೇಟಿನೊಳಗೆ ಇರುತ್ತಿದ್ದೆ. ಸುರಕ್ಷತಾ ಅಧಿಕಾರಿ ಎಂದರೆ ಕಾರ್ಖಾನೆಯಲ್ಲಿ ಯಾರಿಗೂ ಬೇಡವಾದ ಪ್ರಾಣಿ. ಹೆಲ್ಮೆಟ್ ಹಾಕಿ ಎಂದು ಕಾರ್ಮಿಕರ ತಲೆ ತಿನ್ನಬೇಕು, ಯಂತ್ರ ನಿಲ್ಲಿಸಿ ಎಂದು ಮ್ಯಾನೇಜರ್‌ಗಳ ತಲೆ ತಿನ್ನಬೇಕು. ಎರಡೂ ಕಡೆಯವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನನಗೂ ಅವರ ಮೇಲೆ ಅಂಥ ಪ್ರೀತಿಯೇನೂ ಉಕ್ಕುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಬಾಯ್ಲರ್ ಮನೆಯಿಂದ ಯಂತ್ರಗಳ ಹಾಲ್‌ವರೆಗೆ ನೆಲದಡಿಯಲ್ಲಿ ನಲವತ್ತು ಮೀಟರ್ ಉದ್ದದ ಒಂದು ಓಣಿ ಇತ್ತು. ಸ್ಟೀಮ್ ಪೈಪುಗಳು ಹೋಗುವ ದಾರಿ ಅದು. ನಕ್ಷೆಯಲ್ಲಿ ಅದಕ್ಕೆ ಗ್ಯಾಲರಿ ಎಂಬ ದೊಡ್ಡ ಹೆಸರು, ಕೆಲಸಗಾರರ ಬಾಯಲ್ಲಿ ಸುರಂಗ. ಕಿಟಕಿಯಿಲ್ಲ, ನಡುವೆ ಒಂದು ತಿರುವು, ತಿರುವಿನ ಹತ್ತಿರ ತಣಿದ ಸ್ಟೀಮಿನ ನೀರು ಸೇರುವ ಗುಂಡಿ. ಕರೆಂಟು ಹೋದರೆ ಹಗಲು ಹನ್ನೆರಡು ಗಂಟೆಯಲ್ಲೂ ಅಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದಷ್ಟು ಕತ್ತಲು. ಅದಕ್ಕಾಗಿ ಹಿಂದಿನ ವರ್ಷ ಗೋಡೆಯ ಕೆಳಭಾಗದಲ್ಲಿ, ಪೈಪಿನ ಮಗ್ಗುಲಲ್ಲೇ, ಉದ್ದಕ್ಕೂ ಹೊಳೆಯುವ ಪಟ್ಟಿ ಅಂಟಿಸಿದ್ದೆವು. ಅದರಲ್ಲಿ ಸ್ಟ್ರಾಂಷಿಯಂ ಅಲ್ಯುಮಿನೇಟ್ ಎಂಬ ಫಾಸ್ಫರ್ ಪುಡಿ ಇರುತ್ತದೆ. ದೀಪ ಇದ್ದಾಗ ಬೆಳಕನ್ನು ಹೀರಿಕೊಂಡು, ದೀಪ ಹೋದ ಮೇಲೆ ಹಸಿರಾಗಿ ಹೊಳೆಯುತ್ತದೆ, ಬ್ಯಾಟರಿ ಬೇಡ, ವೈರು ಬೇಡ.

ಆ ಪಟ್ಟಿಯನ್ನು ಪರೀಕ್ಷಿಸಿ ಒಪ್ಪಿದವಳು ನಾನೇ. ನನ್ನ ಕೊಠಡಿಯ ಪಕ್ಕದ ಸ್ಟೋರ್‌ನಲ್ಲಿ, ಫ್ಯಾನಿನ ಕೆಳಗೆ, ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದೆ. ಬೆಳಿಗ್ಗೆ ಹತ್ತಕ್ಕೆ ದೀಪ ಆರಿಸಿದರೆ ಸಂಜೆ ನಾಲ್ಕಕ್ಕೂ ಪಟ್ಟಿ ಕಣ್ಣಿಗೆ ಕಾಣುತ್ತಿತ್ತು. ಬಹಳ ಖುಷಿಯಿಂದ ಸಹಿ ಹಾಕಿದೆ. ಇಷ್ಟು ಚೆನ್ನಾಗಿದೆಯಲ್ಲ, ಇನ್ನು ಫಿಟ್ಟರ್‌ಗಳಿಗೆ ಟಾರ್ಚ್ ಯಾಕೆ ಎಂದು ಜನರಲ್ ಮ್ಯಾನೇಜರ್ ಕೇಳಿದರು. ನಾನು ಹೂಂ ಎಂದೆ. ಮೊಬೈಲುಗಳನ್ನು ಗೇಟಿನಲ್ಲೇ ಇರಿಸಿಕೊಳ್ಳುತ್ತಿದ್ದರು. ಹೀಗೆ ಸುರಂಗಕ್ಕೆ ಇಳಿಯುವವರ ಕೈಯಲ್ಲಿ ಬೆಳಕಿನ ಯಾವ ಸಾಧನವೂ ಉಳಿಯದಂತೆ ನಾವಿಬ್ಬರೂ ಸೇರಿ ನೋಡಿಕೊಂಡೆವು.

ಮಾರ್ಚ್ ತಿಂಗಳ ಒಂದು ಗುರುವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಕರೆಂಟು ಹೋಯಿತು. ಸುರಂಗದಲ್ಲಿ ಇಬ್ಬರು ಫಿಟ್ಟರ್‌ಗಳಿದ್ದರು. ಒಬ್ಬರು ಆತಗೂರು ಕಡೆಯ ನಿಂಗರಾಜು, ಐವತ್ನಾಲ್ಕು ವರ್ಷ. ಇನ್ನೊಬ್ಬರು ದುದ್ದದ ಪುಟ್ಟಸ್ವಾಮಿ, ಹೆಚ್ಚುಕಡಿಮೆ ಅದೇ ವಯಸ್ಸು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಪಾಳಿಯಲ್ಲಿ ದುಡಿದು, ಒಂದೇ ಬುತ್ತಿ ಹಂಚಿಕೊಂಡು ಉಂಡವರು. ನಿಯಮದ ಪ್ರಕಾರ ಕರೆಂಟು ಹೋದರೆ ಮೊದಲು ಸ್ಟೀಮ್ ವಾಲ್ವ್ ಬಂದ್ ಮಾಡಬೇಕು, ಆಮೇಲೆ ಪಟ್ಟಿಯನ್ನು ನೋಡಿಕೊಂಡು ಹೊರಗೆ ಬರಬೇಕು. ಆ ವಾಲ್ವಿನ ಚಕ್ರ ಸುಲಭಕ್ಕೆ ತಿರುಗುವುದಲ್ಲ. ಐದು ನಿಮಿಷ ಹಿಡಿಯಿತು. ಬಂದ್ ಮಾಡಿ ಹೊರಟಾಗ ನಿಂಗರಾಜು ಪುಟ್ಟಸ್ವಾಮಿಯ ಕೈ ಹಿಡಿದು ಮುಂದೆ ನಡೆದರು. ತಿರುವಿನ ಹತ್ತಿರ ಪುಟ್ಟಸ್ವಾಮಿ, ಕೆಲಸಕ್ಕೆಂದು ಮುಚ್ಚಳ ತೆಗೆದಿದ್ದ ಗುಂಡಿಗೆ ಬಿದ್ದರು. ತೊಡೆಯ ಮೂಳೆ ಮುರಿಯಿತು, ಬಿಸಿನೀರಿನಲ್ಲಿ ಎರಡೂ ಪಾದ ಬೆಂದವು.

ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದ ಪುಟ್ಟಸ್ವಾಮಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಅವ್ನೇ ಕೈ ಇಡ್ಕಂಡು ಗುಂಡಿಗೆ ಕರ್ಕೊಂಡೋದ." ಕಂಪನಿಗೆ ಇಷ್ಟು ಸಾಕಾಯಿತು. ಗುರುತು ಹಾಕಿದ ದಾರಿ ಬಿಟ್ಟು ನಡೆದು ಸಹೋದ್ಯೋಗಿಗೆ ಅಪಾಯ ತಂದದ್ದು ಒಂದು ಆರೋಪ, ಸುಳ್ಳು ಹೇಳಿಕೆ ಕೊಟ್ಟದ್ದು ಇನ್ನೊಂದು. ನಿಂಗರಾಜು ಅಮಾನತಾದರು. ಎರಡೂ ಸಾಬೀತಾದರೆ ಕೆಲಸದಿಂದ ವಜಾ ಎಂದು ನೋಟೀಸಿನಲ್ಲೇ ಬರೆದಿತ್ತು.

ಸುಳ್ಳು ಹೇಳಿಕೆ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು. ಪಟ್ಟಿ ಇದ್ದರೂ ದಾರಿ ಹೇಗೆ ತಪ್ಪಿತು ಎಂದು ಕೇಳಿದ್ದಕ್ಕೆ ನಿಂಗರಾಜು ಹೇಳಿದ್ದು ಇಷ್ಟು: "ಕರೆಂಟ್ ಓದೇಟ್ಗೆ ಪಟ್ಟಿ ದಗ್ಗನೆ ಉರೀತು. ವಾಲ್ವ್ ಬಂದ್ ಮಾಡಿ ತಿರುಗ್ ನೋಡುದ್ರೆ ಆರೋಗಿತ್ತು." ಕಚೇರಿಯ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ. ಟೈಪಿಸ್ಟ್ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಸ್ಟ್ರಿಪ್‌ಗೆ ಬೆಂಕಿ ಹತ್ತಿ ಧಗಧಗನೆ ಸುಟ್ಟು ನಂದಿಹೋಯಿತು ಎಂಬ ಅರ್ಥ ಬರುವಂತೆ ಬಡಿದಿಟ್ಟ. ನಿಂಗರಾಜು ಕೆಳಗೆ ಕನ್ನಡದಲ್ಲಿ ಸಹಿ ಮಾಡಿದರು. ಪಟ್ಟಿಯ ಫೋಟೋ ತೆಗೆದು ನೋಡಿದರೆ ಒಂದು ಕಪ್ಪು ಚುಕ್ಕೆಯೂ ಇಲ್ಲ. ಸುಳ್ಳುಗಾರ ಸಿಕ್ಕಿಬಿದ್ದ ಎಂದು ಆಫೀಸಿನಲ್ಲಿ ಎಲ್ಲರಿಗೂ ಸಮಾಧಾನವಾಯಿತು.

ಅಪಘಾತವಾಗಿ ಮೂರು ದಿನಕ್ಕೆ ಭಾನುವಾರ ಬಂತು. ಪಟ್ಟಿ ಮಾರಿದವರನ್ನು ಕರೆಸಿ, ಅವರ ಎದುರಿಗೇ ಸುರಂಗದ ದೀಪ ಆರಿಸಿ ಪರೀಕ್ಷೆ ಮಾಡಿದರು. ಒಂದೂವರೆ ಗಂಟೆ ಕಾದರೂ ಪಟ್ಟಿ ಹೊಳೆಯುತ್ತಲೇ ಇತ್ತು. ವರದಿಗೆ ನಾನೂ ಸಹಿ ಹಾಕಿದೆ. ನಿಂಗರಾಜು ಗಾಬರಿಯಲ್ಲಿ ದಾರಿ ತಪ್ಪಿ, ಈಗ ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾರೆ ಎಂದೇ ಅಂದುಕೊಂಡಿದ್ದೆ. ನನ್ನ ಪಟ್ಟಿಯ ಮೇಲೆ ಆಡಿದ ಮಾತು ನನ್ನ ಮೇಲೆಯೇ ಆಡಿದ ಹಾಗೆ ಉರಿದುಬಿದ್ದಿದ್ದೆ.

ಏಪ್ರಿಲ್ ಮೊದಲ ವಾರ ವಿಚಾರಣೆ ಶುರುವಾಯಿತು. ವಿಚಾರಣಾಧಿಕಾರಿ ಬೆಂಗಳೂರಿನಿಂದ ಬಂದ ವಯಸ್ಸಾದ ವಕೀಲರು, ಮಾತು ಕಡಿಮೆ, ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಕಂಪನಿಯ ಪರವಾಗಿ ಜನರಲ್ ಮ್ಯಾನೇಜರೇ ಕೂತಿದ್ದರು. ಫೋಟೋವನ್ನು ಮೇಜಿನ ಮೇಲೆ ಎಸೆದು ಕೇಳಿದರು: "ಏನಯ್ಯ, ಸುಟ್ಟಿದ್ರೆ ಕಪ್ಪಾಗ್ಬೇಕಿತ್ತಲ್ಲ, ಎಲ್ಲಿ ತೋರ್ಸು."

"ಸುಡ್ತು ಅಂತ ಯಾರೇಳುದ್ರು ಸಾರ್? ಉರೀತು ಅಂದೆ."

"ಉರೀತು ಅಂದ್ರೆ ಬೆಂಕಿ ಅಲ್ದೆ ಇನ್ನೇನಯ್ಯ? ನಮಗೇ ಕನ್ನಡ ಹೇಳ್ಕೊಡ್ತೀಯಾ?"

ನಾನು ಮಳವಳ್ಳಿಯವಳು. ನಮ್ಮ ಮನೆಯಲ್ಲಿ ಬಲ್ಬು ಉರಿಯುತ್ತದೆ, ಟ್ಯೂಬ್‌ಲೈಟು ಉರಿಯುತ್ತದೆ, ಬೀದಿಯ ಕಂಬದಲ್ಲಿ ಹಗಲೆಲ್ಲ ದೀಪ ಉರಿಯುತ್ತಿದೆ ಎಂದು ಪಂಚಾಯ್ತಿಯವರನ್ನು ಬೈಯುತ್ತೇವೆ. ಯಾವುದಕ್ಕೂ ಬೆಂಕಿ ಬಿದ್ದಿರುವುದಿಲ್ಲ. ಅದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ಕೂತೆ. ಮುಂದಿನ ಬಾರಿ ನಾನೇ ಮ್ಯಾನೇಜ್‌ಮೆಂಟಿನ ಸಾಕ್ಷಿ. ಪಟ್ಟಿ ಸರಿಯಾಗಿತ್ತು ಎಂದು ಒಂದು ಮಾತು ಹೇಳಿ ಎದ್ದುಬಂದರೆ ನನ್ನ ಕೆಲಸ ಮುಗಿಯುತ್ತಿತ್ತು.

ಹೊರಗೆ ಬರುವಾಗ ಬಾಗಿಲ ಬಳಿ ನಿಂಗರಾಜು ನನ್ನನ್ನು ತಡೆದರು. ದನಿ ಏರಿಸಲಿಲ್ಲ. "ಬಾಯ್ಲರ್ ಆರ್ಸಿ ನೋಡುದ್ರೆ ಆ ಪಟ್ಟಿ ಬೆಳಗಾನ ಉರೀತದೆ ಕಣಮ್ಮ. ಸ್ಟೀಮ್ ಬುಟ್ಟು ನೋಡಿ," ಎಂದು ಹೇಳಿ ಹೋದರು.

ಭಾನುವಾರ ವಾರದ ರಜೆ. ಬಾಯ್ಲರ್ ಶನಿವಾರ ಸಂಜೆಯೇ ನಿಂತಿರುತ್ತದೆ. ನಾವು ಪರೀಕ್ಷೆ ಮಾಡಿದ್ದು ತಣ್ಣಗೆ ಬಿದ್ದಿದ್ದ ಸುರಂಗದಲ್ಲಿ. ಹನ್ನೊಂದು ವರ್ಷ ಸುರಕ್ಷತೆಯ ಪಾಠ ಹೇಳಿದವಳಿಗೆ ಇದು ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಊಟದ ವಿರಾಮದಲ್ಲಿ ಎಲೆಕ್ಟ್ರಿಷಿಯನ್ ಮಹದೇವನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿ, ಬೆಲ್ ಹೊಡೆದರೆ ಮಾತ್ರ ದೀಪ ಹಾಕು ಎಂದು ಹೇಳಿ ಒಳಗೆ ಇಳಿದೆ. ಸ್ಟೀಮ್ ಹರಿಯುತ್ತಿತ್ತು. ಶಾಖ ಅಳೆಯುವ ಗನ್ ಹಿಡಿದು ನೋಡಿದರೆ ವಾಲ್ವಿನ ಬಳಿ ಪಟ್ಟಿಯ ಬಿಸಿ ಅರವತ್ತಮೂರು ಡಿಗ್ರಿ, ಗುಂಡಿಯ ಬಳಿ ಐವತ್ತೆಂಟು. ಹೊರಬಾಗಿಲ ಹತ್ತಿರ ಮಾತ್ರ ನಲವತ್ತೊಂದು. ದೀಪ ಆರಿತು. ಪಟ್ಟಿ ಎಷ್ಟು ಪ್ರಖರವಾಗಿ ಹೊಳೆಯಿತೆಂದರೆ ನನ್ನ ಸ್ಟೋರಿನಲ್ಲಿ ಒಂದು ದಿನವೂ ಹಾಗೆ ಹೊಳೆದದ್ದನ್ನು ಕಂಡಿರಲಿಲ್ಲ. ಗಡಿಯಾರದ ಮುಳ್ಳು ಅದರ ಬೆಳಕಿನಲ್ಲೇ ಕಾಣುತ್ತಿತ್ತು. ಎರಡನೆಯ ನಿಮಿಷಕ್ಕೆ ಮುಳ್ಳು ಕಾಣಲಿಲ್ಲ, ಸೆಕೆಂಡುಗಳನ್ನು ಬಾಯಲ್ಲೇ ಎಣಿಸತೊಡಗಿದೆ. ನಾಲ್ಕನೆಯ ನಿಮಿಷಕ್ಕೆ ಪಟ್ಟಿಯೇ ಇದೆಯೋ ಇಲ್ಲವೋ ಎಂದು ಅನುಮಾನ ಬಂತು. ಆಮೇಲೆ ಪೂರ್ತಿ ಕತ್ತಲು. ಹೊರಬಾಗಿಲ ಕಡೆಯ ಪಟ್ಟಿ ಇನ್ನೂ ಹೊಳೆಯುತ್ತಿದ್ದಿರಬೇಕು, ಆದರೆ ತಿರುವಿನಾಚೆಗಿನ ಅದು ನನಗೆ ಕಾಣುವಂತಿರಲಿಲ್ಲ. ಗುಂಡಿಗೆ ಮುಚ್ಚಳ ಹಾಕಿಸಿದ್ದೇನೆ ಎಂದು ಗೊತ್ತಿದ್ದೂ ಒಂದು ಹೆಜ್ಜೆ ಮುಂದಿಡಲಾಗಲಿಲ್ಲ. ಕೈಯೂರಿ ನೆಲದ ಮೇಲೆ ಕೂತುಬಿಟ್ಟೆ. ಬೆಲ್ ಎಲ್ಲಿದೆ ಎಂದು ತಡಕಾಡಿ ಒತ್ತಿದೆ.

ಇದರ ಹಿಂದಿನ ವಿಜ್ಞಾನ ಅರ್ಥವಾಗಲು ಎರಡು ದಿನ ಓದಬೇಕಾಯಿತು. ಮೊದಲು ನನಗೆ ತೋಚಿದ್ದು ಥರ್ಮಲ್ ಕ್ವೆಂಚಿಂಗ್. ಫಾಸ್ಫರ್ ವಿಪರೀತ ಬಿಸಿಯಾದರೆ ಅದು ಹೀರಿಕೊಂಡ ಶಕ್ತಿ ಬೆಳಕಾಗುವ ಬದಲು ಶಾಖವಾಗಿ ಸೋರಿಹೋಗುತ್ತದೆ. ಬಿಸಿಯೇರಿದ ಎಲ್‌ಇಡಿ ದೀಪ ಮಂಕಾಗುವುದಕ್ಕೆ ಇದೂ ಒಂದು ಕಾರಣ. ಆದರೆ ಹಾಗಿದ್ದರೆ ಪಟ್ಟಿ ಮೊದಲಿನಿಂದಲೇ ಮಂಕಾಗಿರಬೇಕಿತ್ತು. ನಿಂಗರಾಜು ಹೇಳಿದ್ದು ದಗ್ಗನೆ ಉರೀತು ಎಂದು, ನಾನು ಕಂಡದ್ದೂ ಅದನ್ನೇ. ಹಾಗಾಗಿ ಕಾರಣ ಬೇರೆ. ಬೆಳಕು ಬಿದ್ದಾಗ ಈ ಪುಡಿಯೊಳಗಿನ ಎಲೆಕ್ಟ್ರಾನುಗಳು ಸಣ್ಣ ಸಣ್ಣ ಬಲೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ಅಲ್ಲಿಂದ ಎಬ್ಬಿಸುವುದು ಶಾಖ. ತಂಪಿನಲ್ಲಿ ಒಂದೊಂದಾಗಿ ಏಳುತ್ತವೆ, ಬೆಳಕು ತಾಸುಗಟ್ಟಲೆ ಬರುತ್ತದೆ. ಬಿಸಿಯಲ್ಲಿ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಕೆರೆಯ ತೂಬನ್ನು ಪೂರ್ತಿ ಎತ್ತಿಬಿಟ್ಟರೆ ಕಾಲುವೆ ತುಂಬಿ ಹರಿಯುತ್ತದೆ, ಕೆರೆ ಬೇಗ ಬರಿದಾಗುತ್ತದೆ, ಹಾಗೆ. ಸಾಲದ್ದಕ್ಕೆ ಬಿಸಿಯಲ್ಲಿ ತುಂಬಿಕೊಳ್ಳುವಾಗಲೇ ಸೋರುತ್ತಿರುವುದರಿಂದ ಸಂಗ್ರಹವೂ ಕಡಿಮೆ. ಪಟ್ಟಿಯ ವಿವರಪತ್ರದ ಹಿಂಬದಿಯಲ್ಲಿ, ಈ ಲೆಕ್ಕವೆಲ್ಲ ಇಪ್ಪತ್ತೈದು ಡಿಗ್ರಿಗೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ನಾನು ಅದನ್ನು ಓದಿದ್ದೆ, ಓದಿಯೂ ಮುಂದಕ್ಕೆ ಹೋಗಿದ್ದೆ.

ಹತ್ತನೆಯ ತರಗತಿ ಮುಗಿಸದ ಫಿಟ್ಟರ್ ಒಂದು ಸಾಲಿನಲ್ಲಿ ಹೇಳಿದ್ದು ಅಷ್ಟು ಕರಾರುವಾಕ್ಕಾಗಿತ್ತು. ಅದೇ ಸಾಲಿಗೆ ಆತನ ಕೆಲಸ ಕಿತ್ತುಕೊಳ್ಳಲು ಹೊರಟಿದ್ದೆವು.

ಜನರಲ್ ಮ್ಯಾನೇಜರ್‌ಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ಹಾಕಿ, ತಣ್ಣಗೆ ಅಂದರು: "ಸುವರ್ಣ ಅವರೇ, ಪಟ್ಟಿಗೆ ಸಹಿ ನಿಮ್ದು, ಭಾನುವಾರದ ವರದಿಗೂ ಸಹಿ ನಿಮ್ದು. ಅವನು ನಿಜ ಹೇಳಿದ್ದಾನೆ ಅಂತಾದ್ರೆ ಸುಳ್ಳು ಹೇಳಿದ್ದು ಯಾರು ಅಂತ ಯೋಚ್ನೆ ಮಾಡಿ."

ಯೋಚನೆ ಮಾಡಿದೆ. ಮಾಡಲಿಲ್ಲ ಎಂದು ಹೇಳಿಕೊಂಡು ದೊಡ್ಡವಳಾಗುವ ಆಸೆ ನನಗಿಲ್ಲ. ಮೂರು ದಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ, ಹೇಳದೇ ಉಳಿಯಲು ಏನಾದರೂ ಸಭ್ಯವಾದ ದಾರಿ ಇದೆಯೇ ಎಂದೇ ಹುಡುಕಿದೆ. ಸಿಗಲಿಲ್ಲ. ಆ ಕತ್ತಲಲ್ಲಿ ನೆಲಕ್ಕೆ ಕೈಯೂರಿ ಕೂತದ್ದು ಪ್ರತಿ ಸಲ ನೆನಪಾಗುತ್ತಿತ್ತು.

ಎರಡನೆಯ ವಿಚಾರಣೆಯ ದಿನ ಒಂದು ಚೀಲ ಹಿಡಿದು ಹೋದೆ. ಅದರಲ್ಲಿ ಮೂರು ಸ್ಟೀಲ್ ಲೋಟ, ಕ್ಯಾಂಟೀನಿನ ಫ್ಲಾಸ್ಕಿನಲ್ಲಿ ಕುದಿನೀರು, ಒಂದು ಡಬ್ಬಿ ಐಸು, ಅದೇ ಪಟ್ಟಿಯ ಮೂರು ತುಂಡು. ಬಾಯಿ ಮಾತಿಗಿಂತ ಕಣ್ಣಲ್ಲಿ ನೋಡುವುದು ಒಳ್ಳೆಯದು ಎಂದು ವಿಚಾರಣಾಧಿಕಾರಿಗೆ ಹೇಳಿದೆ. ಜನರಲ್ ಮ್ಯಾನೇಜರ್ ಎದ್ದು ನಿಂತು, ಇದೇನು ಹೈಸ್ಕೂಲು ವಿಜ್ಞಾನ ಮೇಳವೇ ಎಂದು ಕೇಳಿದರು. ಅಧಿಕಾರಿ ಕೈಸನ್ನೆ ಮಾಡಿ ಕೂರಿಸಿದರು. ಕಿಟಕಿಯಿಲ್ಲದ ಕೋಣೆ ಎಂದರೆ ಪಕ್ಕದ ಹಳೇ ಫೈಲುಗಳ ರೂಮು ಒಂದೇ. ಅಧಿಕಾರಿ, ಮ್ಯಾನೇಜರ್, ಟೈಪಿಸ್ಟ್, ನಿಂಗರಾಜು, ನಾನು, ಐದು ಜನ ಧೂಳಿನ ನಡುವೆ ಒಬ್ಬರ ಉಸಿರು ಒಬ್ಬರಿಗೆ ತಾಗುವಂತೆ ನಿಂತೆವು. ಒಬ್ಬರಿಗೂ ಇನ್ನೊಬ್ಬರನ್ನು ಕಂಡರೆ ಆಗುತ್ತಿರಲಿಲ್ಲ.

ಮೂರೂ ತುಂಡುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹತ್ತು ನಿಮಿಷ ಇಟ್ಟು, ಒಂದನ್ನು ಐಸ್ ನೀರಿಗೆ, ಒಂದನ್ನು ನಲ್ಲಿ ನೀರಿಗೆ, ಒಂದನ್ನು ಬಿಸಿನೀರಿಗೆ ಹಾಕಿ ದೀಪ ಆರಿಸಿದೆ. ಐಸಿನದು ಇದ್ದೂ ಇಲ್ಲದಂತಿತ್ತು. ನಲ್ಲಿ ನೀರಿನದು ಮಾಮೂಲಿನಂತೆ. ಬಿಸಿನೀರಿನದು ಲೋಟದ ಒಳಮೈಯೆಲ್ಲ ಹಸಿರಾಗುವಷ್ಟು ಹೊಳೆಯಿತು.

ಕತ್ತಲಲ್ಲಿ ಜನರಲ್ ಮ್ಯಾನೇಜರ್ ನಕ್ಕದ್ದು ಕೇಳಿಸಿತು. "ಏನ್ರೀ ಇದು, ಬಿಸಿನೀರಿಂದೇ ಎಲ್ಲಕ್ಕಿಂತ ಚೆನ್ನಾಗಿ ಉರೀತಾ ಇದೆಯಲ್ಲ."

ಒಂದು ನಿಮಿಷ ಕಳೆಯುವುದರೊಳಗೆ ಬಿಸಿನೀರಿನ ತುಂಡು ಮಂಕಾಗತೊಡಗಿತು, ಇನ್ನೆರಡು ನಿಮಿಷಕ್ಕೆ ಆ ಲೋಟ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ನಲ್ಲಿ ನೀರಿನದು ಹಾಗೇ ಹೊಳೆಯುತ್ತಿತ್ತು. ಆಗ ವಿಚಾರಣಾಧಿಕಾರಿ ತಾವೇ ಕೈ ಹಾಕಿ ಐಸಿನ ತುಂಡನ್ನು ತೆಗೆದು ಬಿಸಿನೀರಿಗೆ ಹಾಕಿದರು. ಅದು ಭಗ್ಗನೆ ಹೊಳೆದು, ಅದೂ ಹಾಗೇ ಹೋಯಿತು. ಅವರು ಹೂಂ ಎಂದರು, ಅಷ್ಟೇ.

ದೀಪ ಹಾಕಿದಾಗ ಟೈಪಿಸ್ಟ್ ನೋಟ್‌ಬುಕ್ ಹಿಡಿದು ಪೆಚ್ಚಾಗಿ ನಿಂತಿದ್ದ. "ಸಾರ್, ಉರೀತಾ ಇದೆ ಅಂತ ಜಿ.ಎಂ. ಸಾಹೇಬ್ರು ಅಂದ್ರಲ್ಲ, ಇಂಗ್ಲಿಷಲ್ಲಿ ಅದಕ್ಕೆ ಏನಂತ ಹಾಕ್ಲಿ?"

ನಿಂಗರಾಜು ಅವನ ಕಡೆ ತಿರುಗಿದರು. "ನಂದಕ್ಕೆ ಏನಾಕಿದ್ಯೋ ಅದ್ನೇ ಆಕು."

ವಿಚಾರಣೆ ಅಲ್ಲಿಗೆ ಮುಗಿಯಿತು. ಎರಡು ವಾರದ ಮೇಲೆ ನನಗೆ ಕರ್ತವ್ಯಲೋಪದ ಮೆಮೊ ಬಂತು, ಅದು ನ್ಯಾಯವಾಗಿಯೇ ಬಂತು. ನಿಂಗರಾಜು ಕೈಗೆ ಮರಳಿ ಕೆಲಸಕ್ಕೆ ಬರುವಂತೆ ಪತ್ರ ಹೋಯಿತು. ಈ ಸಲ ಅದನ್ನು ಕನ್ನಡದಲ್ಲೇ ಬರೆದಿದ್ದರು: ಸಂದೇಹದ ಲಾಭ ನೀಡಿ ಆರೋಪಗಳನ್ನು ಕೈಬಿಡಲಾಗಿದೆ.

ಅವರು ಬರಲಿಲ್ಲ. ಎಂಟು ದಿನ ಗಡುವು ಕೊಟ್ಟಿದ್ದರು, ಆರು ದಿನ ಕಳೆಯಿತು. ಅಷ್ಟೆಲ್ಲ ಮಾಡಿದ ಮೇಲೆ ಇದೇನು ಹಟ ಎಂದು ನನಗೆ ಸಿಟ್ಟು ಬಂತು. ಏಳನೆಯ ದಿನ ಮಧ್ಯಾಹ್ನ ಗೇಟಿಗೆ ಬಂದು ನನ್ನನ್ನು ಕರೆಸಿದರು. ಪತ್ರ ಕೈಯಲ್ಲಿತ್ತು.

"ಸಂದೇಹ ಯಾರ್ಗೆ ಮೇಡಮ್? ನಂಗಂತೂ ಇರ್ಲಿಲ್ಲ. ಇದ್ನ ತಕಂಡೋಗಿ ಪುಟ್ಸಾಮಿಗೆ ಏನಂತ ತೋರ್ಸ್ಲಿ? ಗುಂಡಿಗೆ ತಳ್ದೋನು ಅಂತ್ಲೇ ಅವ್ನು ನನ್ನ ಮಕ ನೋಡ್ತಿಲ್ಲ. ನಡೆದಿದ್ದು ಇದು ಅಂತ ನೀವು ಬರ್ಕೊಡಿ. ಕನ್ನಡದಲ್ಲಿ."

ಹಾಗೆ ಬರೆದುಕೊಡುವ ಅಧಿಕಾರ ನನಗಿರಲಿಲ್ಲ. ಸೆಕ್ಯುರಿಟಿಯವರ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಬರೆದೆ. ಕರೆಂಟು ಹೋದಾಗ ಪಟ್ಟಿ ಮೊದಲು ಪ್ರಖರವಾಗಿ ಉರಿದು, ಬಿಸಿಯಿಂದಾಗಿ ಐದು ನಿಮಿಷದೊಳಗೆ ಆರಿತು. ನಿಂಗರಾಜು ನಿಯಮದಂತೆ ವಾಲ್ವ್ ಬಂದ್ ಮಾಡಿಯೇ ಹೊರಟರು. ಅವರು ಹೇಳಿದ್ದು ಪೂರ್ತಿ ನಿಜ. ಪಟ್ಟಿಯ ಪರೀಕ್ಷೆಯಲ್ಲಿ ಸುರಕ್ಷತಾ ವಿಭಾಗದಿಂದ ಲೋಪವಾಗಿದೆ. ಕೆಳಗೆ ಸಹಿ ಹಾಕಿ ಕೊಟ್ಟೆ.

ನಿಂಗರಾಜು ನಿಂತಲ್ಲೇ ಬೆರಳಿಟ್ಟು ಒಂದೊಂದು ಅಕ್ಷರವನ್ನೂ ಓದಿದರು. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

"ವಿಭಾಗ ಅಂದ್ರೆ ಯಾರು?"

ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು.

"ನಮ್ ತಪ್ಪಾದ್ರೆ ನಿಂಗರಾಜು ಸನ್ ಆಫ್ ಇಂಥೋನು ಅಂತ ಊರೆಸ್ರು ಸಮೇತ ಬರೀತೀರಿ. ನಿಮ್ದಾದ್ರೆ ವಿಭಾಗವಾ?"

ಹಾಳೆಯನ್ನು ವಾಪಸು ತೆಗೆದುಕೊಂಡು ಆ ಸಾಲು ಹೊಡೆದುಹಾಕಿದೆ. ಪಟ್ಟಿಯನ್ನು ತಂಪಾದ ಕೋಣೆಯಲ್ಲಿ ಪರೀಕ್ಷಿಸಿ ಬಿಸಿ ಜಾಗಕ್ಕೆ ಹಾಕಿಸಿದವಳು, ಟಾರ್ಚ್ ತೆಗೆಯಲು ಒಪ್ಪಿದವಳು ಮಳವಳ್ಳಿಯ ಸುವರ್ಣ, ಸುರಕ್ಷತಾ ಅಧಿಕಾರಿ ಎಂದು ಬರೆದೆ. ಅವರು ಮತ್ತೆ ಮೊದಲಿನಿಂದ ಓದಿ, ನಾಲ್ಕಾಗಿ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು ಪುಟ್ಟಸ್ವಾಮಿಯ ಊರಾದ ದುದ್ದದ ಕಡೆಗೆ ಬೈಕ್ ಹತ್ತಿದರು. ಅಲ್ಲಿ ಏನು ನಡೆಯಿತೋ ನನಗೆ ತಿಳಿಯದು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಿದ್ದರು.

ಟಾರ್ಚುಗಳು ವಾಪಸು ಬಂದವು. ಸುರಂಗದ ದೀಪಕ್ಕೆ ಬ್ಯಾಟರಿ ಬಂತು, ಪಟ್ಟಿಯನ್ನು ಪೈಪಿನಿಂದ ದೂರದ ಗೋಡೆಗೆ ಸರಿಸಿದೆವು. ನಿವೃತ್ತರಾಗುವವರೆಗೂ ನಿಂಗರಾಜು ನನ್ನೊಂದಿಗೆ ಕೆಲಸದ ಮಾತಿನ ಆಚೆಗೆ ಒಂದು ಮಾತೂ ಆಡಲಿಲ್ಲ. ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾದ್ದೂ ಇರಲಿಲ್ಲ.

ಯಾವ ವಸ್ತುವನ್ನೇ ಆಗಲಿ ಅದು ಕೆಲಸ ಮಾಡುವ ಜಾಗದಲ್ಲಿ, ಅಲ್ಲಿನ ಬಿಸಿಯಲ್ಲಿ ಪರೀಕ್ಷಿಸಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ ಎಂದು ತರಬೇತಿಗಳಲ್ಲಿ ಹೇಳುತ್ತೇನೆ. ಅದು ಪುಸ್ತಕದಲ್ಲೂ ಇದೆ. ಗೇಟಿನ ಮೇಜಿನ ಮೇಲೆ ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆಮೇಲಿನ ನಾಲ್ಕು ವರ್ಷ ನಾನು ಬರೆದ ಯಾವ ಅಪಘಾತದ ವರದಿಯಲ್ಲೂ ಲೋಪವಾಗಿದೆ ಎಂಬ ಮಾತಿಲ್ಲ. ತಪ್ಪು ಮಾಡಿದವರ ಹೆಸರಿದೆ, ಎರಡು ವರದಿಗಳಲ್ಲಿ ಅದು ನನ್ನದೇ.